ಕಂಡದ್ದನ್ನು ಹೇಳುವ ಮಗು ಕಡಿಮೆಯೇ?

ವ್ಯಕ್ತಿತ್ವದ ಪ್ರಕಾರಗಳು ಎಂದ ಕೂಡಲೇ ಬಿ.ಇಡಿ. ಪ್ರಶಿಕ್ಷಣಾರ್ಥಿಗಳಾದ ನಮಗೆ ನೆನಪಾಗುವುದು ಕಾರ್ಲ್ ಯೂಂಗ್ ಹೇಳಿದ ಅಂತರ್ಮುಖಿ ಮತ್ತು ಬಹಿರ್ಮುಖಿ. 1921ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಇನ್ನೊಂದು ಜೋಡಿಯನ್ನೂ ವಿವರಿಸಿದ್ದಾರೆ: ಸಂವೇದನೆ ಮತ್ತು ಅಂತರ್ಬೋಧೆ. ಕಣ್ಣು, ಕಿವಿ, ಕೈಗೆ ಸಿಕ್ಕ ವಿವರದ ಮೇಲೆ ಗಮನ ನಿಲ್ಲುವುದು ಸಂವೇದನೆ. ಆ ವಿವರದ ಹಿಂದಿನ ಸಂಬಂಧವನ್ನೋ ಮುಂದಿನ ಸಾಧ್ಯತೆಯನ್ನೋ ಮನಸ್ಸು ಹಿಡಿಯುವುದು ಅಂತರ್ಬೋಧೆ. ಮುಂದೆ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಇದನ್ನು ಪ್ರಶ್ನಾವಳಿಯಾಗಿ ಬೆಳೆಸಿ 16 ಪ್ರಕಾರಗಳನ್ನು ಮಾಡಿದರು. ಅದರಲ್ಲಿ ಸಂವೇದನೆಗೆ ‘ಎಸ್’, ಅಂತರ್ಬೋಧೆಗೆ ‘ಎನ್’ ಎಂಬ ಅಕ್ಷರ.

ತಾರತಮ್ಯ ಹುಟ್ಟುವ ಬಗೆ

ಈ ಪ್ರಕಾರಗಳಲ್ಲಿ ಆಸಕ್ತಿ ಇರುವವರ ನಡುವೆ ಒಂದು ಮೇಲು-ಕೀಳು ಬೆಳೆದಿದೆ. ‘ಎನ್’ ಎಂದರೆ ಆಳವಾಗಿ ಯೋಚಿಸುವವರು, ‘ಎಸ್’ ಎಂದರೆ ಮೇಲ್ಮೇಲೆ ನೋಡುವವರು ಎಂಬ ಮಾತು ಅಲ್ಲಿ ಸಾಮಾನ್ಯ. ಇದಕ್ಕೆ ಎರಡು ಕಾರಣ ಕಾಣುತ್ತವೆ. ಅಮೆರಿಕದ ಸಮೀಕ್ಷೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ‘ಎಸ್’ ಗುಂಪಿಗೆ ಬರುತ್ತಾರೆ. ಹೀಗಾಗಿ ವಿರಳವಾದದ್ದೇ ಶ್ರೇಷ್ಠ ಎಂಬ ಭಾವನೆ ಬರುತ್ತದೆ. ಎರಡನೆಯದಾಗಿ, ವಿವರ ಗಮನಿಸುವುದನ್ನು ಬಾಯಿಪಾಠ ಮಾಡುವುದರ ಜೊತೆ ಬೆರೆಸಿಬಿಡುತ್ತೇವೆ. ಇವೆರಡೂ ಬೇರೆ. ಪುಸ್ತಕದ ವಾಕ್ಯ ಒಪ್ಪಿಸುವವನು ಏನನ್ನೂ ಗಮನಿಸಿರಬೇಕಾಗಿಲ್ಲ.

ತಾರತಮ್ಯ ಎದುರು ದಿಕ್ಕಿನಲ್ಲಿಯೂ ಇದೆ. ‘ಹೀಗಾದರೆ ಏನಾಗುತ್ತದೆ ಸರ್?’ ಎಂದು ಕೇಳುವ ಮಗುವನ್ನು ‘ಪಾಠದ ಮೇಲೆ ಲಕ್ಷ್ಯ ಇಲ್ಲ’ ಎಂದು ಕೂರಿಸುವುದೂ ಅದೇ ರೋಗ.

ತರಗತಿಯಲ್ಲಿ ಅದು ಕಾಣುವ ರೀತಿ

ಮಟಮಾರಿಯಲ್ಲಿ ಅಭ್ಯಾಸ ಬೋಧನೆಯ ವೇಳೆ 8ನೇ ತರಗತಿಗೆ ಬೆಳೆ ಉತ್ಪಾದನೆಯ ಪಾಠ ಮಾಡುವಾಗ, ಹತ್ತಿಗೆ ಎರೆ ಭೂಮಿ ಏಕೆ ಒಗ್ಗುತ್ತದೆ ಎಂದು ಕೇಳಿದೆ. ಒಬ್ಬ ಹುಡುಗಿ ಹೇಳಿದಳು: “ಮಳಿ ಬಂದ್ರ ಎರಿ ಮಣ್ಣು ಕಾಲಿಗೆ ಮೆತ್ಗೊಂತದ್ರಿ ಸರ್. ಬ್ಯಾಸಿಗ್ಯಾಗ ಕೈ ಹೋಗೋವಷ್ಟು ಬಿರುಕು ಬಿಡ್ತದ. ಮಸಾರಿ ಹೊಲದಾಗ ನೀರು ಜಲ್ದಿ ಇಂಗಿ ಹೋಗ್ತದ್ರಿ.” ಹಿಂದೆಯೇ ಒಬ್ಬ ಹುಡುಗ, “ಎರಿ ಮಣ್ಣು ನೀರು ಹಿಡ್ಕೊಂತದ್ರಿ, ಅದಕ್ಕ ಬೇರಿಗೆ ಬಾಳ ದಿನ ಸಿಗ್ತದ” ಎಂದ.

ಪಾಠ ವೀಕ್ಷಿಸುತ್ತಿದ್ದ ಸಹಪಾಠಿಯೊಬ್ಬರು ಹುಡುಗನ ಉತ್ತರವನ್ನು ‘ಉನ್ನತ ಚಿಂತನೆ’ ಎಂದೂ ಹುಡುಗಿಯದನ್ನು ‘ಸ್ಮರಣೆ’ ಎಂದೂ ಬರೆದಿದ್ದರು. ನಾವಿಬ್ಬರೂ ಇದನ್ನು ಬಹಳ ಹೊತ್ತು ಚರ್ಚಿಸಿದೆವು. ಆಕೆಯ ಮಾತಿನಲ್ಲಿ ಮೂರು ವೀಕ್ಷಣೆಗಳಿವೆ, ಎರಡು ಮಣ್ಣುಗಳ ಹೋಲಿಕೆಯಿದೆ. ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವ ಜೇಡಿಯ ಗುಣವನ್ನು ಆಕೆ ಹೊಲದಲ್ಲಿ ಕಂಡಿದ್ದಾಳೆ. ಹುಡುಗನ ತೀರ್ಮಾನ ಸರಿಯೇ; ಆದರೆ ಅದಕ್ಕೆ ಆಧಾರ ಕೊಟ್ಟವಳು ಆಕೆ. ಹೊಲದಲ್ಲಿ ಬೆಳೆದ ಮಗುವಿನ ಅರಿವನ್ನು ಬರೀ ನೆನಪು ಎಂದು ಗುರುತಿಸಿದರೆ, ವಿಜ್ಞಾನ ತನ್ನಂಥವರಿಗಲ್ಲ ಎಂದು ಆ ಮಗು ತಿಳಿಯುತ್ತದೆ.

ಮಸ್ಕಿಯ ಪಾಠ

ಎರಡೂ ಬೇಕು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು. ಆತ ಅಶೋಕನೇ ಇರಬೇಕೆಂದು ಶ್ರೀಲಂಕಾದ ಪಾಲಿ ಗ್ರಂಥಗಳ ನೆರವಿನಿಂದ ವಿದ್ವಾಂಸರು ಊಹಿಸಿದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬೆಟ್ಟದಲ್ಲಿ ಕಂಡ ಬಂಡೆಯ ಬರಹದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಊಹೆ ದಾರಿ ತೋರಿಸಿತು, ಕಣ್ಣು ಅದನ್ನು ದೃಢಪಡಿಸಿತು.

ಅಕ್ಷರಗಳ ಮಿತಿ

ಈ ಪ್ರಶ್ನಾವಳಿ ಅಳೆಯುವುದು ಒಲವನ್ನು, ಸಾಮರ್ಥ್ಯವನ್ನಲ್ಲ. ಅನೇಕರ ಅಂಕಗಳು ನಡುಭಾಗದಲ್ಲೇ ಇರುತ್ತವೆ. ನಡುವೆ ಗೆರೆ ಎಳೆದು ಎರಡು ಅಕ್ಷರ ಕೊಡಲಾಗುತ್ತದೆ. ಕೆಲವು ವಾರಗಳ ನಂತರ ಮತ್ತೆ ಉತ್ತರಿಸಿದರೆ ಹಲವರ ಪ್ರಕಾರವೇ ಬದಲಾಗುತ್ತದೆ. ದೊಡ್ಡವರಿಗೇ ಹೀಗಿರುವಾಗ, ಬೆಳೆಯುವ ಮಗುವಿಗೆ ಅಕ್ಷರದ ಹಣೆಪಟ್ಟಿ ಹಚ್ಚುವುದು ತರವಲ್ಲ.

ಪಾಠಯೋಜನೆಯಲ್ಲಿ ಮಾಡಬಹುದಾದದ್ದು

1. ಪ್ರತಿ ಬೋಧನಾಂಶಕ್ಕೆ ‘ಏನು ಕಂಡಿರಿ?’ ಮತ್ತು ‘ಅದರಿಂದ ಏನು ಊಹಿಸುವಿರಿ?’ ಎಂಬ ಎರಡೂ ಪ್ರಶ್ನೆ ಇರಲಿ.

2. ವಿವರ ಹೇಳಿದ ಮಗುವಿಗೆ ಕಾರಣ ಕೇಳೋಣ. ಕಾರಣ ಹೇಳಿದ ಮಗುವಿಗೆ ಆಧಾರ ಕೇಳೋಣ.

3. ರೂಪಣಾತ್ಮಕ ಮೌಲ್ಯಮಾಪನದಲ್ಲಿ ನಿಖರ ವೀಕ್ಷಣೆಗೂ ಅಂಕ ಮೀಸಲಿಡೋಣ.

4. ವೀಕ್ಷಣಾ ನಮೂನೆಯಲ್ಲಿ ‘ಸ್ಮರಣೆ’ ಎಂದು ಬರೆಯುವ ಮುನ್ನ, ಆ ಮಾತು ಪುಸ್ತಕದ್ದೋ ಮಗುವಿನ ಕಣ್ಣಿನದೋ ಎಂದು ಕೇಳಿಕೊಳ್ಳೋಣ.

ಮುಂದಿನ ಪಾಠಗಳಲ್ಲಿ ಸಹ ಪ್ರಶಿಕ್ಷಣಾರ್ಥಿಗಳು ಇದನ್ನು ಪ್ರಯೋಗಿಸಿ, ಮಕ್ಕಳ ಉತ್ತರಗಳನ್ನು ಅವರ ಮಾತಿನಲ್ಲೇ ದಾಖಲಿಸಿಕೊಂಡರೆ ಚರ್ಚೆಗೆ ಒಳ್ಳೆಯ ಸಾಮಗ್ರಿ ಸಿಗುತ್ತದೆ.