ಸಾಲದ ದಾವೆಗೆ ಕೈಫಿಯತ್ತು

ಕೊಟ್ಟ ಸಾಲ ಮರಳಿ ಬಂದಿಲ್ಲವೆಂದು ಯಾರಾದರೂ ದಿವಾಣಿ ಕೋರ್ಟಿನಲ್ಲಿ ದಾವೆ ಹೂಡಿದರೆ, ಸಾಲಗಾರನಿಗೆ ಸಮನ್ಸ್ ಮುಟ್ಟಿದ ದಿನದಿಂದ 30 ದಿನಗಳ ಗಡುವು ಶುರುವಾಗುತ್ತದೆ. ಅಷ್ಟರೊಳಗೆ ಆತ ತನ್ನ ಉತ್ತರವನ್ನು ಬರವಣಿಗೆಯಲ್ಲಿ ಸಲ್ಲಿಸಬೇಕು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ ನಿಯಮ ಇದು. ತಕ್ಕ ಕಾರಣವಿದ್ದರೆ ನ್ಯಾಯಾಧೀಶರು 90 ದಿನಗಳವರೆಗೆ ಅವಕಾಶ ಕೊಡಬಹುದು. ಕರ್ನಾಟಕದಲ್ಲಿ ಲಿಖಿತ ಹೇಳಿಕೆ ಎನಿಸಿಕೊಳ್ಳುವ ಈ ಉತ್ತರಕ್ಕೆ ಮಹಾರಾಷ್ಟ್ರದ ಜತ್ತದ ಕೋರ್ಟಿನಲ್ಲಿ ಕೈಫಿಯತ್ತು ಎನ್ನುತ್ತಾರೆ.

ಜತ್ತ ತಾಲೂಕಿನ ಪೂರ್ವಭಾಗದವರಿಗೆ ಈ 30 ದಿನ ಇನ್ನಷ್ಟು ಇಕ್ಕಟ್ಟಿನದು. ಉಮದಿ, ಸಂಖ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ. ಅನೇಕರು ಅಕ್ಷರ ಕಲಿತದ್ದೂ ಕನ್ನಡ ಶಾಲೆಯಲ್ಲಿ. ಸಮನ್ಸ್ ಮತ್ತು ಅದರ ಜೊತೆಗಿನ ದಾವೆಯ ಪ್ರತಿ ಬರುವುದು ಮರಾಠಿಯಲ್ಲಿ. 1998ರ ಸರಕಾರಿ ಅಧಿಸೂಚನೆಯ ಪ್ರಕಾರ ಮಹಾರಾಷ್ಟ್ರದ ಕೆಳ ಕೋರ್ಟುಗಳ ಭಾಷೆ ಅದೇ. ಆದ್ದರಿಂದ ಕಾಗದ ಕೈಗೆ ಬಂದ ದಿನವೇ ಮರಾಠಿ ಬಲ್ಲವರಿಂದ ಮೂರು ಸಂಗತಿ ಓದಿಸಿಕೊಳ್ಳಬೇಕು: ಯಾವ ಕೋರ್ಟು, ದಾವೆಯ ನಂಬರು ಎಷ್ಟು, ಹಾಜರಾಗಬೇಕಾದ ತಾರೀಖು ಯಾವುದು. ಇ-ಕೋರ್ಟ್ಸ್ ಆ್ಯಪಿನಲ್ಲಿ ದಾವೆಯ ನಂಬರು ಹಾಕಿದರೆ ಮುಂದಿನ ತಾರೀಖೂ ಸಿಗುತ್ತದೆ.

ಸಮನ್ಸ್ ತೆಗೆದುಕೊಳ್ಳದಿದ್ದರೆ ದಾವೆ ನಿಲ್ಲುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಅದು ಪೂರಾ ತಪ್ಪು. ಸಾಲಗಾರ ಊರಲ್ಲಿಲ್ಲದಾಗ ಮನೆಯಲ್ಲಿರುವ ವಯಸ್ಕರ ಕೈಗೆ ಬೇಲಿಫ ಸಮನ್ಸ್ ಕೊಡಬಹುದು. ಸಹಿ ಹಾಕಲು ಒಲ್ಲೆ ಎಂದರೆ ಬಾಗಿಲಿಗೆ ಅಂಟಿಸಿ ವರದಿ ಮಾಡಬಹುದು. ರಿಜಿಸ್ಟರ್ಡ್ ಅಂಚೆಯನ್ನು ನಿರಾಕರಿಸಿ ಕಳಿಸಿದರೂ ಅದು ಮುಟ್ಟಿದಂತೆಯೇ ಲೆಕ್ಕ. ಆಮೇಲೆ ಪ್ರತಿವಾದಿ ಬಾರದಿದ್ದರೆ ದಾವೆ ಏಕತರ್ಫಾ ನಡೆದು, ವಾದಿ ಹೇಳಿದ ಮೊತ್ತಕ್ಕೇ ಡಿಕ್ರಿ ಆಗಬಹುದು. ಅಂಥ ಡಿಕ್ರಿಯನ್ನು ರದ್ದುಮಾಡಿ ಎಂದು ಕೇಳಲು ಡಿಕ್ರಿಯಾದ ದಿನದಿಂದ 30 ದಿನ ಇದೆ. ಸಮನ್ಸ್ ಸರಿಯಾಗಿ ಮುಟ್ಟಿಯೇ ಇರಲಿಲ್ಲವಾದರೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ 30 ದಿನ.

ಗೈರುಹಾಜರಿಯ ಬೆಲೆ ಎಷ್ಟೆಂಬುದು ಈ ಸೀಮೆಗೆ ಹೊಸ ಪಾಠವಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪಾ ಎಂಬಲ್ಲಿ ರೈತರು ಸಾವಕಾರರ ಮೇಲೆ ತಿರುಗಿಬಿದ್ದರು. ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. ರೈತರು ಹುಡುಕಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು ಮತ್ತು ಡಿಕ್ರಿಗಳನ್ನು. ದೂರದ ಕೋರ್ಟಿಗೆ ಹೋಗಲಾಗದ ರೈತರ ಮೇಲೆ ಏಕತರ್ಫಾ ಡಿಕ್ರಿಗಳು ರಾಶಿರಾಶಿಯಾಗಿ ಆಗುತ್ತಿದ್ದುದು ಆಗಿನ ತನಿಖೆಯಲ್ಲಿ ಬಯಲಾಯಿತು. 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆಯು ರೈತನನ್ನು ಕರೆಸಿ ವಿಚಾರಿಸುವ, ಪತ್ರದಲ್ಲಿ ಬರೆದ ಮೊತ್ತವನ್ನಷ್ಟೇ ನಂಬದೆ ಸಾಲದ ಹಿನ್ನೆಲೆಯನ್ನು ಬುಡದಿಂದ ಕೆದಕುವ ಹೊಣೆಯನ್ನು ಕೋರ್ಟಿಗೇ ಹೊರಿಸಿತು. ಮೊದಲು ಅದು ಜಾರಿಯಾದದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಲ್ಲಿ. ಜತ್ತ ಆಗ ಡಫಳೆ ಮನೆತನದ ಸಂಸ್ಥಾನ; ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1948ರಲ್ಲಿ. ಆ ಕಾಯ್ದೆ ಈಗ ಇಲ್ಲ. ಸಾಲಗಾರನ ಪರವಾದ ಸಂಗತಿಗಳನ್ನು ಇಂದು ಆತನೇ ಎತ್ತಿ ಹೇಳಬೇಕು. ಅದಕ್ಕಿರುವ ಜಾಗ ಕೈಫಿಯತ್ತು.

ಕೈಫಿಯತ್ತಿನಲ್ಲಿ ದಾವೆಯ ಒಂದೊಂದು ಕಲಮಿಗೂ ಬೇರೆಬೇರೆ ಉತ್ತರ ಇರಬೇಕು. ಸ್ಪಷ್ಟವಾಗಿ ಅಲ್ಲಗಳೆಯದ ಮಾತನ್ನು ಕೋರ್ಟು ಒಪ್ಪಿದಂತೆಯೇ ಹಿಡಿಯುತ್ತದೆ. ‘2022ರ ಜೂನ್ 10ರಂದು 2 ಲಕ್ಷ ರೂಪಾಯಿ ಕೊಟ್ಟಿದ್ದೇನೆ’ ಎಂದು ವಾದಿ ಬರೆದಿದ್ದಾನೆ ಎನ್ನೋಣ. ‘2 ಲಕ್ಷ ತಗೊಂಡಿಲ್ಲ’ ಎಂದಷ್ಟೇ ಬರೆದರೆ ಸಾಲದು, ಏಕೆಂದರೆ ಒಂದೂವರೆ ಲಕ್ಷ ತೆಗೆದುಕೊಂಡಿರಬಹುದಲ್ಲ ಎಂಬ ಅನುಮಾನ ಉಳಿಯುತ್ತದೆ. ಒಂದು ಪೈಸೆಯನ್ನೂ ತೆಗೆದುಕೊಂಡಿಲ್ಲ ಎನ್ನಬೇಕು, ಇಲ್ಲವೇ ಇಷ್ಟು ತೆಗೆದುಕೊಂಡೆ, ಇಂಥ ದಿನ ಇಷ್ಟು ಮರಳಿ ಕೊಟ್ಟೆ, ಬಾಕಿಯನ್ನು ಒಪ್ಪುವುದಿಲ್ಲ ಎಂದು ಬಿಡಿಸಿ ಬರೆಯಬೇಕು. ಹಣ ಮರಳಿಸಿದ್ದಕ್ಕೆ ಬ್ಯಾಂಕ್ ಪಾಸ್‌ಬುಕ್ಕು, ಫೋನ್‌ಪೇ ದಾಖಲೆ, ಪಾವತಿ ಚೀಟಿ ಏನಿದ್ದರೂ ಕೈಫಿಯತ್ತಿನ ಜೊತೆಗೇ ಹಾಜರುಪಡಿಸಬೇಕು. ಆಮೇಲೆ ತಂದರೆ ಕೋರ್ಟಿನ ಅನುಮತಿ ಬೇಕಾಗುತ್ತದೆ. ಮರಾಠಿಯಲ್ಲಿ ಬರೆಸಿದ ಕೈಫಿಯತ್ತನ್ನು ವಕೀಲರಿಂದ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಹಾಕಬೇಕು. ಸಾಕ್ಷಿಕಟ್ಟೆಯಲ್ಲಿ ಕನ್ನಡದಲ್ಲಿ ಹೇಳಿದ ಮಾತು ಮರಾಠಿಯಲ್ಲಿ ದಾಖಲಾದರೆ, ಆ ಬರಹವನ್ನು ಕನ್ನಡದಲ್ಲಿ ತಿಳಿಸಿ ಹೇಳಬೇಕೆಂಬ ನಿಯಮ ಸಂಹಿತೆಯಲ್ಲೇ ಇದೆ.

ಸಾಲಗಾರನ ಕೈಯಲ್ಲಿರುವ ದೊಡ್ಡ ತಕರಾರು ಮುದತ್ತಿನದು. ಕೈಗಡಕ್ಕೆ, ಕೇಳಿದಾಗ ಕೊಡುವ ಪ್ರಾಮಿಸರಿ ನೋಟಿಗೆ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಮೂರು ವರ್ಷ. ಮುದತ್ತು ಮೀರಿದ ದಾವೆಯನ್ನು, ಪ್ರತಿವಾದಿ ಆ ಮಾತು ಎತ್ತದಿದ್ದರೂ, ಕೋರ್ಟು ತಳ್ಳಿಹಾಕಬೇಕು. ಆದರೆ ಮುದತ್ತು ಮುಗಿಯುವ ಮುಂಚೆ ‘ಬಾಕಿ ಇದೆ, ಸುಗ್ಗಿಗೆ ಕೊಡುತ್ತೇನೆ’ ಎಂದು ಬರೆದ ಚೀಟಿಗೆ ಸಹಿ ಹಾಕಿದ್ದರೆ ಅಂದಿನಿಂದ ಮತ್ತೆ ಮೂರು ವರ್ಷ ಎಣಿಸಬೇಕು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಮಾಡಬಾರದೆನ್ನುವುದು ಇದಕ್ಕೇ.

ಎರಡನೆಯ ತಕರಾರು ಸಾವಕಾರಿಯದು. ಮಹಾರಾಷ್ಟ್ರದ 2014ರ ಸಾವಕಾರಿ ನಿಯಂತ್ರಣ ಕಾಯ್ದೆಯ ಪ್ರಕಾರ, ಸಾಲ ಕೊಟ್ಟಾಗ ಪರವಾನಗಿ ಇರದಿದ್ದ ಸಾವಕಾರನಿಗೆ ಕೋರ್ಟು ಡಿಕ್ರಿ ಕೊಡುವಂತಿಲ್ಲ. ಪರವಾನಗಿ ಇದ್ದವರಿಗೂ ಬಡ್ಡಿಯ ಮಿತಿ ಇದೆ: 2014ರಲ್ಲಿ ಗೊತ್ತುಪಡಿಸಿದಂತೆ ರೈತರಿಗೆ ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ಶೇ. 9, ಅಡವಿಲ್ಲದ್ದಕ್ಕೆ ಶೇ. 12. ಆದರೆ ಗೆಳೆಯನಿಗೋ ಬೀಗರಿಗೋ ಒಮ್ಮೆ ಕೈಗಡ ಕೊಟ್ಟವರು ಸಾವಕಾರರಾಗುವುದಿಲ್ಲ. ಬಡ್ಡಿ ವ್ಯವಹಾರವನ್ನು ಧಂದೆಯಾಗಿ ನಡೆಸುತ್ತಿದ್ದುದನ್ನು ತೋರಿಸಬೇಕು. ದೂರು ಕೊಡಬೇಕಾದದ್ದು ಸಹಕಾರ ಇಲಾಖೆಯ ನಿಬಂಧಕರಿಗೆ.

ಸಾಲ ನಿಜವಾಗಿದ್ದರೂ ಹಾಜರಾಗುವುದರಿಂದಲೇ ಲಾಭ. ಕಂತು ಕೇಳಬಹುದು, ಬಡ್ಡಿಯ ದರಕ್ಕೆ ತಕರಾರು ಮಾಡಬಹುದು, ಲೋಕ ಅದಾಲತ್ತಿನಲ್ಲಿ ರಾಜಿಗೆ ಕೂರಬಹುದು. ಅಲ್ಲಿಯ ರಾಜಿ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಹಾಗಾಗಿ ಕಂತಿನ ತಾರೀಖುಗಳನ್ನು ಮಳೆ ಬೆಳೆ ನೋಡಿಯೇ ಒಪ್ಪಬೇಕು.

ಎಲ್ಲ ಕಾಗದವೂ ಇದೇ ಬಗೆಯದಲ್ಲ. ಪ್ರಾಮಿಸರಿ ನೋಟಿನಂಥ ಬರಹದ ಆಧಾರದ ಮೇಲೆ ತ್ವರಿತ ದಾವೆ ಹೂಡಿದ್ದರೆ ಹಾಜರಾಗಲು 10 ದಿನ ಮಾತ್ರ. ಎದುರು ವಾದ ಮಾಡಲೂ ಅನುಮತಿ ಬೇಡಬೇಕು. ಚೆಕ್ ಬೌನ್ಸಾಗಿ ನೋಟಿಸು ಬಂದರೆ 15 ದಿನದಲ್ಲಿ ಹಣ ಕಟ್ಟಬೇಕು. ಕಟ್ಟದಿದ್ದರೆ ಅದು ಮುಂದೆ ಫೌಜದಾರಿ ಖಟ್ಲೆಯಾಗುತ್ತದೆ. ಪತಸಂಸ್ಥೆಯ ಸಾಲವಾದರೆ ದಿವಾಣಿ ಕೋರ್ಟಿಲ್ಲದೆಯೇ, 1960ರ ಸಹಕಾರಿ ಸಂಘಗಳ ಕಾಯ್ದೆಯ 101ನೇ ಕಲಮಿನಂತೆ ನಿಬಂಧಕರೇ ವಸೂಲಿ ದಾಖಲೆ ಕೊಡಬಹುದು. ಅದರ ಮೇಲೆ ಪುನರ್‌ವಿಮರ್ಶೆ ಕೇಳಲು ಬಾಕಿಯ ಅರ್ಧ ಹಣ ತುಂಬಬೇಕು. ಆದ್ದರಿಂದ ನಿಬಂಧಕರ ಮೊದಲ ನೋಟಿಸಿಗೇ ಹೋಗಿ ಹೇಳಬೇಕಾದದ್ದನ್ನು ಹೇಳುವುದು ಜಾಣತನ.

ಡಿಕ್ರಿ ಆದ ಮೇಲೂ ಕಾನೂನು ಸಾಲಗಾರನ ಕೈಬಿಡುವುದಿಲ್ಲ. ಅಡುಗೆಯ ಪಾತ್ರೆ, ಹಾಸಿಗೆ, ರೈತ ತಾನು ವಾಸಿಸುವ ಸ್ವಂತ ಮನೆ, ಒಕ್ಕಲುತನದ ಸಲಕರಣೆ, ಬಿತ್ತನೆಯ ಬೀಜ, ಹೊಟ್ಟೆಪಾಡಿಗೆ ಬೇಕಾದ ಎತ್ತಿನ ಜೋಡಿ ಜಪ್ತಿಯಾಗುವಂತಿಲ್ಲ. ಹೊಲಕ್ಕೆ ಈ ರಕ್ಷಣೆ ಇಲ್ಲ. ಹಣದ ಡಿಕ್ರಿಗಾಗಿ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ಬಡತನದಿಂದ ತೀರಿಸಲಾಗದವನನ್ನು ಜೈಲಿಗೆ ಹಾಕಲಾಗದೆಂದು ಸುಪ್ರೀಂ ಕೋರ್ಟು 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಡಿಕ್ರಿಯ ಆಯುಷ್ಯ 12 ವರ್ಷ, ಅಷ್ಟರಲ್ಲಿ ಯಾವಾಗ ಬೇಕಾದರೂ ಅದರ ಜಾರಿಗೆ ದರಖಾಸ್ತು ಬರಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ತಾರೀಖು ತಪ್ಪಿಸಬಾರದು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಬರಗಾಲಕ್ಕೆ ಸಿಕ್ಕವರ ಹೆಸರೂ ಆ ಪಟ್ಟಿಯಲ್ಲಿದೆ. ಜತ್ತದ ರೈತರು ಅರ್ಜಿಯಲ್ಲಿ ಇದನ್ನು ಮರೆಯದೆ ಬರೆಯಬೇಕು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು; ಫೋನಿನಲ್ಲಿ ವಿಚಾರಿಸಲು ರಾಷ್ಟ್ರೀಯ ಸಹಾಯವಾಣಿ 15100.