ಕರೆಂಟ್ ಯಾವಾಗ ಬರುತ್ತೆ?

ಆರಿದ್ರಾ ಮಳೆ ಗಾಳಿ ಸಮೇತ ಹಿಡಿಯಿತೆಂದರೆ ನಮ್ಮ ಮಲೆನಾಡಿನ ಮನೆಮನೆಯಲ್ಲೂ ಒಂದೇ ಪ್ರಶ್ನೆ: ‘ಕರೆಂಟ್ ಯಾವಾಗ ಬರುತ್ತೆ?’ ಅದರ ಬೆನ್ನಿಗೇ ಇನ್ನೊಂದು: ‘ಪಕ್ಕದೂರಿಗೆ ಬಂತಂತೆ, ನಮಗ್ಯಾಕೆ ಬಂದಿಲ್ಲ?’ ಈ ಎರಡನೆಯದಕ್ಕೆ ಉತ್ತರ ತಿಳಿಯೋಣವೆಂದು ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಲೈನ್‌ಮ್ಯಾನ್‌ಗಳ ಜೊತೆ ಒಂದಿಡೀ ದಿನ ಸುತ್ತಿದೆ.

ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಿಗೆ ವಿದ್ಯುತ್ ಹಂಚುವುದು ಮೆಸ್ಕಾಂ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ, ಒಂದು ಟ್ರಾನ್ಸ್‌ಫಾರ್ಮರ್‌ನಿಂದ ಇಡೀ ಕೇರಿ ಬೆಳಗುತ್ತದೆ. ಇಲ್ಲಿ ಗುಡ್ಡಕ್ಕೊಂದು ಮನೆ. ಆ ಒಂದು ಮನೆಗಾಗಿ ಕಾಡು, ಗದ್ದೆ, ತೋಟ ದಾಟುವ ಕಂಬಗಳ ಸಾಲು. ಕಂಬದ ಪಕ್ಕದಲ್ಲೇ ಹಲಸು, ಮಾವು, ಅಕೇಶಿಯಾ. ಈ ಅಕೇಶಿಯಾವನ್ನಂತೂ ಯಾರು ತಂದು ನೆಟ್ಟರೋ ಎಂದು ಲೈನ್‌ಮ್ಯಾನ್‌ಗಳು ಬೈಯುತ್ತಲೇ ಇರುತ್ತಾರೆ. ಜೋರು ಗಾಳಿಗೆ ಲಟಕ್ಕನೆ ಮುರಿದು ಬೀಳುವ ಮರ ಅದು.

ಮಳೆಗಾಲದ ಕೆಲಸ ಶುರುವಾಗುವುದು ಬೇಸಿಗೆಯಲ್ಲೇ. ಏಪ್ರಿಲ್, ಮೇ ತಿಂಗಳಲ್ಲಿ ತಂತಿಗೆ ತಾಗುವ ಕೊಂಬೆಗಳನ್ನು ಸವರುತ್ತಾರೆ. ಅವರ ಬಾಯಲ್ಲಿ ಇದಕ್ಕೆ ‘ಜಂಗಲ್ ಕಟಿಂಗ್’. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳನ್ನು ಮೊದಲೇ ತಂದಿಟ್ಟುಕೊಳ್ಳುತ್ತಾರೆ. ಮಳೆಗಾಲಕ್ಕೆಂದೇ ಹೆಚ್ಚುವರಿ ಆಳುಗಳ ಗ್ಯಾಂಗ್ ಮಾಡಿಕೊಳ್ಳುತ್ತಾರೆ. ‘ನಮ್ಮ ಹಲಸಿನ ಕೊಂಬೆ ಮುಟ್ಟಬೇಡಿ, ಕಾಯಿ ಬಿಟ್ಟಿದೆ’ ಎಂದು ಅಡ್ಡ ನಿಲ್ಲುವವರೂ ಇದ್ದಾರೆ. ಜುಲೈನಲ್ಲಿ ಅದೇ ಕೊಂಬೆ ಹತ್ತು ಮನೆಯ ದೀಪ ಆರಿಸುತ್ತದೆ.

ಕರೆಂಟ್ ಬರುವ ದಾರಿಯನ್ನು ತೋಟದ ನೀರಿನ ಪೈಪಿನಂತೆ ಯೋಚಿಸಿ. 33 ಸಾವಿರ ವೋಲ್ಟ್‌ನಲ್ಲಿ ಸಬ್‌ಸ್ಟೇಷನ್‌ಗೆ ಬಂದದ್ದು ಅಲ್ಲಿ 11 ಸಾವಿರಕ್ಕೆ ಇಳಿದು ಫೀಡರ್‌ಗಳಲ್ಲಿ ಹಂಚಿಹೋಗುತ್ತದೆ. ಊರಿನ ಟ್ರಾನ್ಸ್‌ಫಾರ್ಮರ್ ಅದನ್ನು ಮನೆಗೆ ಬೇಕಾದ 230ಕ್ಕೆ ಇಳಿಸುತ್ತದೆ. ಮೇಲೆ ಪೈಪು ಒಡೆದಿದ್ದರೆ ಕೆಳಗಿನ ನಲ್ಲಿ ರಿಪೇರಿ ಮಾಡಿ ಏನು ಪ್ರಯೋಜನ? ಹಾಗಾಗಿ ಮೊದಲು ದೊಡ್ಡ ಲೈನ್, ಆಮೇಲೆ ಕವಲು, ಕೊನೆಗೆ ಒಂಟಿ ಮನೆ. ನಡುವೆ ಆಸ್ಪತ್ರೆ, ಕುಡಿಯುವ ನೀರಿನ ಪಂಪು ಇದ್ದರೆ ಅದಕ್ಕೆ ಆದ್ಯತೆ. ಪಕ್ಕದೂರು ಬೇರೆ ಫೀಡರ್‌ನಲ್ಲಿದ್ದರೆ ಅಲ್ಲಿ ಬೇಗ ದೀಪ ಹೊತ್ತೀತು.

ನ್ಯಾಯವೇ. ಆದರೆ ಪ್ರತಿ ಸಲವೂ ಕೊನೆಗೆ ಉಳಿಯುವುದು ಅದೇ ಗುಡ್ಡದಾಚೆಯ ಮನೆ ಎಂಬುದೂ ಅಷ್ಟೇ ನಿಜ. ಆ ಮನೆಯವರ ಸಿಟ್ಟು ಸುಳ್ಳಲ್ಲ.

ತಂತಿಗೆ ಮರ ಬಿದ್ದ ಕೂಡಲೇ ಸಬ್‌ಸ್ಟೇಷನ್‌ನ ಬ್ರೇಕರ್ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಆಪರೇಟರ್ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ. ಕೊಂಬೆ ಸವರಿ ಹೋಗಿದ್ದಷ್ಟೇ ಆದರೆ ಲೈನ್ ನಿಲ್ಲುತ್ತದೆ. ಮತ್ತೆ ಟ್ರಿಪ್ ಆದರೆ ಎಲ್ಲೋ ದೊಡ್ಡದೇ ಆಗಿದೆ ಎಂದರ್ಥ. ಎಲ್ಲಿ? ಫೀಡರ್‌ನ ನಡುನಡುವೆ ಕಂಬದ ಮೇಲೆ ಸ್ವಿಚ್ ಇರುತ್ತದೆ. ಅದನ್ನು ತೆಗೆದು ಹಿಂದಿನ ಅರ್ಧ ಚಾರ್ಜ್ ಮಾಡುತ್ತಾರೆ. ಅದು ನಿಂತರೆ ದೋಷ ಮುಂದಿನ ಅರ್ಧದಲ್ಲಿದೆ. ಹೀಗೆ ಅರ್ಧ, ಕಾಲು ಎಂದು ಜಾಗ ಕಿರಿದಾಗುತ್ತಾ ಬಂದ ಮೇಲೆ ಉಳಿದದ್ದು ನಡಿಗೆ. ಆ ದಿನ ನಾವು ನಡೆದದ್ದು ಅಡಿಕೆ ತೋಟ, ಎರಡು ಹಳ್ಳ, ಒಂದು ಗುಡ್ಡ. ನನ್ನ ಕಾಲಿಗೆ ಹತ್ತಿದ ಇಂಬಳ ಎಣಿಸಲು ಹೋಗಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಅಕೇಶಿಯಾ ಮಗುಚಿ ಎರಡು ಕಂಬ ಮಲಗಿದ್ದವು.

ಕೈಹಾಕುವ ಮೊದಲು ಹಿರಿಯ ಲೈನ್‌ಮ್ಯಾನ್ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ‘ಎಲ್‌ಸಿ’ ಕೇಳಿದರು. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಆ ಲೈನ್ ಬಂದ್ ಮಾಡಿದ್ದೇವೆ, ನೀವು ವಾಪಸ್ ಕೊಡುವವರೆಗೆ ಚಾರ್ಜ್ ಮಾಡುವುದಿಲ್ಲ ಎಂಬ ಮಾತು ಅದು. ಪುಸ್ತಕದಲ್ಲಿ ಹೆಸರು, ಹೊತ್ತು ಬರೆದುಕೊಳ್ಳುತ್ತಾರೆ. ತೆಗೆದುಕೊಂಡವರೇ ವಾಪಸ್ ಕೊಡಬೇಕು. ಊರವರು ಎಷ್ಟೇ ಅವಸರ ಮಾಡಿದರೂ ಇದನ್ನು ಬಿಡುವ ಹಾಗಿಲ್ಲ. ಇಷ್ಟಾದ ಮೇಲೂ ಅವರು ಕೆಲಸ ಮಾಡುವ ಜಾಗದ ಎರಡೂ ಕಡೆ ತಂತಿಗಳನ್ನು ಸರಪಳಿಯಿಂದ ಜೋಡಿಸಿ ನೆಲಕ್ಕೆ ಅರ್ಥ್ ಮಾಡಿದರು.

‘ಲೈನ್ ಆಫ್ ಆಗಿದೆಯಲ್ಲ, ಮತ್ತೆ ಇದೆಂಥಕ್ಕೆ?’ ಎಂದೆ.

‘ಸಬ್‌ಸ್ಟೇಷನ್‌ನಿಂದ ಬರಲ್ಲ ಮಾರಾಯ್ರೆ, ಮನೆಗಳಿಂದ ಬರುತ್ತಲ್ಲ!’

ಈ ಮಾತನ್ನು ಓದುಗರು ದಯವಿಟ್ಟು ನೆನಪಿಡಿ. ಕರೆಂಟ್ ಹೋದಾಗ ಕೆಲವರು ಜನರೇಟರ್ ತಂದು ಮೇನ್ ಸ್ವಿಚ್ ತೆಗೆಯದೆ ಮನೆಯ ವೈರಿಂಗ್‌ಗೇ ಸಿಕ್ಕಿಸುತ್ತಾರೆ. ಆ 230 ವೋಲ್ಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಸೇರಿದರೆ, ಇಳಿಸುವ ಯಂತ್ರವೇ ಏರಿಸುವ ಯಂತ್ರವಾಗಿ ಆಚೆ ಕಡೆಯ ತಂತಿಯಲ್ಲಿ 11 ಸಾವಿರ ವೋಲ್ಟ್ ಆಗುತ್ತದೆ. ಕಂಬದ ಮೇಲಿರುವವನ ಕೈಯಲ್ಲಿ ಆಗ ಇರುವುದು ಅದೇ ತಂತಿ. ಜನರೇಟರ್ ಇಟ್ಟುಕೊಳ್ಳುವವರು ಚೇಂಜ್‌ಓವರ್ ಸ್ವಿಚ್ ಹಾಕಿಸಲೇಬೇಕು.

ಇನ್ನೊಂದು ಅಪಾಯ ಮಕ್ಕಳಿಗೆ ಸಂಬಂಧಿಸಿದ್ದು. ಶಾಲೆಗೆ ಹೋಗುವ ದಾರಿಯಲ್ಲಿ ತಂತಿ ಬಿದ್ದಿದ್ದರೆ, ಕಿಡಿ ಇಲ್ಲ, ಸದ್ದಿಲ್ಲ ಎಂದು ದಾಟಬೇಡಿ. ಅದು ತಾಗಿದ ಒದ್ದೆ ನೆಲದಲ್ಲೂ ವಿದ್ಯುತ್ ಹರಡಿರಬಹುದು. ಉದ್ದ ಹೆಜ್ಜೆ ಹಾಕಿದರೆ ಒಂದು ಕಾಲಿನಿಂದ ಹೊಕ್ಕು ಇನ್ನೊಂದು ಕಾಲಿನಿಂದ ಹೊರಡುತ್ತದೆ. ದನಗಳು ಹೆಚ್ಚಾಗಿ ಸಾಯುವುದು ಇದರಿಂದಲೇ, ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ ನೋಡಿ. ತಿಳಿಯದೆ ಹತ್ತಿರ ಹೋಗಿದ್ದರೆ ಎರಡೂ ಪಾದ ಜೋಡಿಸಿಕೊಂಡು, ಕಾಲೆತ್ತದೆ, ಸಣ್ಣಗೆ ತೆವಳುತ್ತಾ ದೂರ ಸರಿಯಿರಿ. ಮನೆಯವರು 1912ಕ್ಕೆ ಫೋನ್ ಮಾಡಲಿ. ಹತ್ತಿರದ ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಎಂದು ಹೇಳಿದರೆ ಹುಡುಕುವವರಿಗೆ ಅರ್ಧ ದಾರಿ ಉಳಿಯಿತು.

ಹೊಸ ಕಂಬ ರಸ್ತೆಯವರೆಗೆ ಮಾತ್ರ ಲಾರಿಯಲ್ಲಿ ಬಂತು. ಅಲ್ಲಿಂದ ಗದ್ದೆಯ ಅಂಚಿನ ಮೇಲೆ ಹೊತ್ತದ್ದು ಹನ್ನೆರಡು ಹೆಗಲು. ಕ್ರೇನ್ ಹೋಗಲಾಗದ ಕಡೆ ಹೊಂಡ ತೋಡಿ, ಹಗ್ಗ ಕಟ್ಟಿ, ‘ಐಸಾ’ ಹಾಕಿ ನಿಲ್ಲಿಸುವುದೇ ಗತಿ. ತೋಡಿದ ಹೊಂಡಕ್ಕೆ ನೀರು ನುಗ್ಗುತ್ತಿತ್ತು. ಡಬ್ಬದಿಂದ ಗೋರಿ ಹಾಕುತ್ತಾ ಕಲ್ಲು ತುಂಬಿದರು. ಎರಡು ಕಂಬಕ್ಕೆ ಐದು ತಾಸು ಹಿಡಿಯಿತು.

ಲೈನಿನ ಕೊನೆಯ ಮನೆಯಲ್ಲಿ ಒಬ್ಬರೇ ಅಜ್ಜಿ. ಕರೆಂಟಿಲ್ಲದೆ ನಾಲ್ಕನೇ ದಿನ. ಫ್ರಿಜ್‌ನಲ್ಲಿದ್ದ ಇನ್ಸುಲಿನ್ ಬಾಟಲಿಯನ್ನು ಮಡಕೆಯ ತಂಪಿನಲ್ಲಿಟ್ಟಿದ್ದರು. ಮೊಬೈಲ್ ಸತ್ತು ಎರಡು ದಿನವಾಗಿತ್ತು. ‘ಬೆಂಗಳೂರಲ್ಲಿ ಮಗ ಎಷ್ಟು ಗಾಬರಿಯಾಗಿದ್ದಾನೋ’ ಎಂಬುದೇ ಅವರ ಚಿಂತೆ. ಸಂಜೆ ಆರರ ಹೊತ್ತಿಗೆ ಅರ್ಥಿಂಗ್ ಬಿಚ್ಚಿ, ಎಲ್ಲರೂ ಕೆಳಗಿಳಿದಿದ್ದಾರೆಂದು ತಲೆ ಎಣಿಸಿ, ಎಲ್‌ಸಿ ವಾಪಸ್ ಕೊಟ್ಟರು. ಬಲ್ಬು ಹೊತ್ತಿತು. ಅಜ್ಜಿ ಮೊದಲು ಚಾರ್ಜರ್ ಸಿಕ್ಕಿಸಿ, ಆಮೇಲೆ ಕಷಾಯಕ್ಕೆ ನೀರಿಟ್ಟರು.

‘ಕೂತ್ಕೊಂಡು ಕುಡೀರೋ ಮಕ್ಳಾ.’

‘ಇಲ್ಲಮ್ಮ, ಹಳ್ಳದಾಚೆ ಇನ್ನೊಂದು ಲೈನ್ ಬಿದ್ದಿದೆ.’

ನಿಂತೇ ಕುಡಿದು, ತಲೆಗೆ ಟಾರ್ಚ್ ಕಟ್ಟಿಕೊಂಡು ಜೀಪು ಹತ್ತಿದರು.