ಮೂರೇ ಗೆರೆಯ ಕುದುರೆ: ಚೀನೀಯರು ಅಕ್ಷರ ಕಲಿಯುವ ಬಗೆ

ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕಲಿತ ಕನ್ನಡಿಗನು ಅರ್ಥ ತಿಳಿಯದ ಪದವನ್ನೂ ತಡವರಿಸದೆ ಓದಬಲ್ಲ. ಚೀನೀಯರಿಗೆ ಈ ಅನುಕೂಲವಿಲ್ಲ. ಅವರ ಲಿಪಿಯಲ್ಲಿ ವರ್ಣಮಾಲೆಯೇ ಇಲ್ಲ. ಒಂದೊಂದು ಅಕ್ಷರಕ್ಕೂ ತನ್ನದೇ ಆಕಾರ, ಉಚ್ಚಾರ ಮತ್ತು ಅರ್ಥವಿದೆ. ಚೀನಾ ಸರಕಾರ 2013ರಲ್ಲಿ ಪ್ರಕಟಿಸಿದ ಅಧಿಕೃತ ಪಟ್ಟಿಯಲ್ಲಿರುವ ಅಕ್ಷರಗಳ ಸಂಖ್ಯೆ 8,105. ಅವುಗಳಲ್ಲಿ ಸಾಮಾನ್ಯ ಬಳಕೆಗೆಂದು ಗುರುತಿಸಿದವೇ 3,500.

ಇಷ್ಟೊಂದು ಅಕ್ಷರಗಳನ್ನು ನೆನಪಿಡುವುದಾದರೂ ಹೇಗೆ? ‘ಕುದುರೆ’ ಎಂಬ ಅರ್ಥದ ‘ಮಾ’ ಅಕ್ಷರವನ್ನು ಉದಾಹರಣೆಯಾಗಿ ನೋಡೋಣ.

ಗೆರೆಗೊಂದು ಕ್ರಮ

ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಮೂಳೆ ಹಾಗೂ ಆಮೆಚಿಪ್ಪುಗಳ ಮೇಲೆ ಕೊರೆದ ಬರಹಗಳಲ್ಲಿ ಈ ಅಕ್ಷರವು ಕುದುರೆಯ ಚಿತ್ರವೇ ಆಗಿತ್ತು. ಕಾಲಕ್ರಮೇಣ ಚಿತ್ರ ಮಾಸಿ ಗೆರೆಗಳು ಉಳಿದವು. ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ರೂಪಕ್ಕೆ ಹತ್ತು ಗೆರೆ. ತಳದ ನಾಲ್ಕು ಚುಕ್ಕೆಗಳು ಕುದುರೆಯ ಕಾಲುಗಳನ್ನು ನೆನಪಿಸುತ್ತವೆ. ಚೀನಾದಲ್ಲಿ 1956ರಲ್ಲಿ ಆರಂಭವಾದ ಲಿಪಿ ಸರಳೀಕರಣದ ಫಲವಾಗಿ ಅದು ಮೂರೇ ಗೆರೆಗೆ ಇಳಿಯಿತು.

ಮೊದಲ ಗೆರೆ ಎಡದಿಂದ ಬಲಕ್ಕೆ ಸಾಗಿ ಕೆಳಕ್ಕೆ ತಿರುಗುತ್ತದೆ. ಎರಡನೆಯದು ಎಡಬದಿಯಲ್ಲಿ ಇಳಿದು, ಬಲಕ್ಕೆ ಹೊರಳಿ, ಮತ್ತೆ ಇಳಿದು ಕೊಕ್ಕೆಯಾಗಿ ಮುಗಿಯುತ್ತದೆ. ಮೂರನೆಯದು ಅಡ್ಡಗೆರೆ. ಎಷ್ಟು ಬಾಗಿದರೂ ಲೇಖನಿ ಎತ್ತುವವರೆಗೆ ಅದು ಒಂದೇ ಗೆರೆ. ಮೇಲಿನದು ಮೊದಲು, ಕೆಳಗಿನದು ನಂತರ. ಎಡ ಮೊದಲು, ಬಲ ನಂತರ ಎಂಬುದು ಎಲ್ಲ ಅಕ್ಷರಗಳಿಗೂ ಅನ್ವಯಿಸುವ ಸಾಮಾನ್ಯ ನಿಯಮ. ಮಕ್ಕಳು ಚೌಕುಳಿ ಹಾಳೆಯಲ್ಲಿ ಇದೇ ಕ್ರಮದಲ್ಲಿ ಮತ್ತೆ ಮತ್ತೆ ತಿದ್ದುತ್ತಾರೆ. ಕಣ್ಣಿಗಿಂತ ಹೆಚ್ಚಾಗಿ ಕೈಯೇ ಅಕ್ಷರವನ್ನು ನೆನಪಿಡಬೇಕೆಂಬುದು ಇದರ ಉದ್ದೇಶ.

ಅರ್ಧ ಅರ್ಥ, ಅರ್ಧ ಉಚ್ಚಾರ

ಸ್ವಾರಸ್ಯ ಇರುವುದು ಮುಂದಿನ ಹಂತದಲ್ಲಿ. ಕುದುರೆಯ ಎಡಕ್ಕೆ ‘ಹೆಣ್ಣು’ ಚಿಹ್ನೆ ಸೇರಿದರೆ ‘ತಾಯಿ’ ಎಂಬ ಅಕ್ಷರವಾಗುತ್ತದೆ. ‘ಬಾಯಿ’ ಸೇರಿದರೆ ವಾಕ್ಯದ ಕೊನೆಗೆ ಬರುವ ಪ್ರಶ್ನಾರ್ಥಕ. ನಮ್ಮ ‘ಬಂದೆಯಾ’ ಎಂಬುದರ ಕೊನೆಯ ‘ಆ’ಕಾರದಂತೆ. ಕುದುರೆಯ ಮೇಲೆ ಎರಡು ಬಾಯಿ ಬಂದರೆ ‘ಬೈಯುವುದು’!

ತಾಯಿಗೂ ಬೈಗುಳಕ್ಕೂ ಕುದುರೆಗೂ ಅರ್ಥದ ನಂಟಿಲ್ಲ. ಈ ಅಕ್ಷರಗಳೆಲ್ಲವೂ ‘ಮಾ’ ಎಂಬ ಉಚ್ಚಾರವನ್ನೇ ಹೋಲುತ್ತವೆ. ಧ್ವನಿಯ ಏರಿಳಿತ ಮಾತ್ರ ಬೇರೆ. ಅಂದರೆ ಇಲ್ಲಿ ಕುದುರೆ ಉಚ್ಚಾರವನ್ನು ಸೂಚಿಸಿದರೆ, ಜತೆಗಿರುವ ಚಿಹ್ನೆ ಅರ್ಥದ ಸುಳಿವು ನೀಡುತ್ತದೆ. ಚೀನೀ ಅಕ್ಷರಗಳ ಬಹುಪಾಲು ರಚನೆಯಾಗಿರುವುದು ಈ ಸೂತ್ರದಂತೆಯೇ. ಸಾವಿರಾರು ಅಕ್ಷರಗಳನ್ನು ನೆನಪಿಡಲು ಸಾಧ್ಯವಾಗುವ ಗುಟ್ಟೂ ಇದೇ.

ಅಕ್ಷರ ಬಂದರೆ ಸಾಲದು, ಅದರ ಜತೆಗಾರರೂ ತಿಳಿದಿರಬೇಕು. ‘ಕುದುರೆ–ಮೇಲೆ’ ಎಂದರೆ ತಕ್ಷಣ. ‘ಕುದುರೆ–ದಾರಿ’ ಎಂದರೆ ರಸ್ತೆ. ‘ಕುದುರೆ–ಹುಲಿ’ ಎಂದರೆ ಅಜಾಗರೂಕತೆ. ಇದು ಮನೆತನದ ಹೆಸರೂ ಹೌದು. ಅಲಿಬಾಬಾ ಕಂಪನಿಯ ಸಂಸ್ಥಾಪಕ ಜಾಕ್ ಮಾ ಅವರ ಹೆಸರಿನಲ್ಲಿರುವುದು ಇದೇ ಕುದುರೆ. 15ನೇ ಶತಮಾನದಲ್ಲಿ ಕಲ್ಲಿಕೋಟೆಗೆ ಬಂದ ಚೀನೀ ನೌಕಾಪಡೆಯ ನಾಯಕ ಝೆಂಗ್ ಹೆಯ ಮೂಲ ಮನೆತನದ ಹೆಸರೂ ‘ಮಾ’.

ಕೈ ಮರೆತರೆ?

ಕಂಪ್ಯೂಟರ್ ಮತ್ತು ಮೊಬೈಲ್ ಫೋನ್‌ಗಳು ಈ ಕಲಿಕೆಯನ್ನು ಬದಲಿಸಿವೆ. ಚೀನಾ 1958ರಲ್ಲಿ ಅಂಗೀಕರಿಸಿದ ರೋಮನ್ ಲಿಪ್ಯಂತರದಲ್ಲಿ ಉಚ್ಚಾರವನ್ನು ಟೈಪಿಸಿದರೆ ಅಕ್ಷರಗಳ ಸಾಲು ಪರದೆಯ ಮೇಲೆ ಮೂಡುತ್ತದೆ. ಬೇಕಾದುದನ್ನು ಆರಿಸಿದರೆ ಮುಗಿಯಿತು. ಹೀಗಾಗಿ ಕಣ್ಣು ಗುರುತಿಸುವ ಅಕ್ಷರವನ್ನು ಕೈ ಬರೆಯಲಾರದ ಸ್ಥಿತಿ ವಿದ್ಯಾವಂತರನ್ನೂ ಕಾಡುತ್ತಿದೆ. ‘ಲೇಖನಿ ಎತ್ತಿದೊಡನೆ ಅಕ್ಷರ ಮರೆವು’ ಎಂಬ ನಾಲ್ಕಕ್ಷರದ ನುಡಿಗಟ್ಟೇ ಚೀನೀ ಭಾಷೆಯಲ್ಲಿದೆ. ಈ ಕಳವಳದ ನಡುವೆಯೇ 2013ರಲ್ಲಿ ಚೀನಾದ ಸರಕಾರಿ ಟೆಲಿವಿಷನ್ ವಿದ್ಯಾರ್ಥಿಗಳಿಗೆ ಉಕ್ತಲೇಖನ ಸ್ಪರ್ಧೆಯನ್ನೇ ಏರ್ಪಡಿಸಿತು. ವಿದೇಶೀಯರಿಗಾಗಿ 2021ರಲ್ಲಿ ಜಾರಿಗೆ ಬಂದ ಕಲಿಕಾ ಮಾನದಂಡವು 3,000 ಅಕ್ಷರಗಳನ್ನು ಗುರುತಿಸಬೇಕೆಂದು ಹೇಳಿದರೂ, ಕೈಬರಹದಲ್ಲಿ ನಿರೀಕ್ಷಿಸುವುದು 1,200 ಅಕ್ಷರಗಳನ್ನು ಮಾತ್ರ.

ಅಲ್ಪಪ್ರಾಣವೋ ಮಹಾಪ್ರಾಣವೋ ಎಂಬ ಅನುಮಾನ ಬಂದರೂ ಕನ್ನಡಿಗನು ಉಚ್ಚಾರವನ್ನು ನಂಬಿ ಏನನ್ನಾದರೂ ಬರೆಯುತ್ತಾನೆ. ಓದುವವನಿಗೆ ಅರ್ಥವೂ ಆಗುತ್ತದೆ. ಗೆರೆ ಮರೆತ ಚೀನೀಯನಿಗೆ ಆ ಆಸರೆ ಇಲ್ಲ. ಪದ ನಾಲಿಗೆಯ ಮೇಲಿದ್ದರೂ ಹಾಳೆಯ ಮೇಲಿನ ಚೌಕ ಖಾಲಿಯಾಗಿಯೇ ಉಳಿಯುತ್ತದೆ.